ಕೊನೆಯವಳ ಹಿಂದೆ

ಜೊಸಿಯಾನ್ ಪೆರ್ದ್ರಿಜಾ ಇವತ್ತಿನವರೆಗೆ ಯಾರನ್ನೂ ಹಿಂದೆ ಹಾಕಿದವಳಲ್ಲ. ನಮ್ಮ ಮಾರ್ವಿನ್ಯಿ ಊರಿನ ಸೈಕಲ್ ಸವಾರಿ ಶುರುವಾದ ವರ್ಷದಿಂದಲೂ ಆಕೆ ಪ್ರತಿ ಸಲ ಕೊನೆಯವಳಾಗಿಯೇ ಬಂದಿದ್ದಾಳೆ. ಹಾಗೆಂದು ಯಾರಾದರೂ ಆಕೆಯನ್ನು ನಿಧಾನದವಳು ಎಂದರೆ, ಕೈಯಲ್ಲಿದ್ದ ಕೆಲಸವನ್ನು ಮೊದಲು ಕೆಳಗಿಟ್ಟು ಆಮೇಲೆ ಬಾಯಿ ತೆರೆಯುತ್ತಾಳೆ.

"ನಿಧಾನ ಅನ್ನೋದು ಕಾಲಿಗೆ ಬರೋ ಕಾಯಿಲೆ, ಮರಿ. ಕೊನೆ ಅನ್ನೋದು ಒಂದು ಕೆಲಸ."

ಆಕೆಗೆ ಎಲ್ಲರೂ ಮರಿಗಳೇ. ಊರಿನ ಮೇಯರ್ ಕೂಡ ಮರಿ. ನಾವೆಲ್ಲ ಆಕೆಯನ್ನು ಜೋಜೋ ಎನ್ನುತ್ತೇವೆ.

ನಮ್ಮದು ಪಂದ್ಯವಲ್ಲ. ಮೇ ತಿಂಗಳ ಒಂದು ಭಾನುವಾರ ಸುತ್ತಲಿನ ಊರುಗಳ ಜನ ದಪ್ಪ ಟೈರಿನ ಗುಡ್ಡದ ಸೈಕಲ್ಲುಗಳನ್ನು ಹತ್ತಿ ಶಾಲೆಯ ಅಂಗಳದಿಂದ ಹೊರಡುತ್ತಾರೆ. ಒಂದು ಕಾಲಕ್ಕೆ ಕುದುರೆಗಳು ದೋಣಿ ಎಳೆಯುತ್ತಿದ್ದ ಕಾಲುವೆಯ ದಂಡೆಯ ಮೇಲೆ ಸ್ವಲ್ಪ ದೂರ, ಆಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಕೊಳ, ಓಕ್ ಕಾಡಿನ ಏರು, ಸೂರು ಕಳೆದುಕೊಂಡ ಹಳೆಯ ಮಠ, ಅಲ್ಲಿಂದ ಹಲ್ಲು ಕಚ್ಚಿಕೊಂಡು ಇಳಿಯುವಂಥ ಇಳಿಜಾರು, ಮತ್ತೆ ಕಾಲುವೆ. ಮೊದಲು ಬಂದವನಿಗೆ ಬಹುಮಾನವಿಲ್ಲ. ಗೌರವ ಇರುವುದು ಕೊನೆಗೆ ಬಂದವರಿಗೆ.

ಅದಕ್ಕೆ ಕಾರಣ ಒಂದು ಹಂಡೆ. ಅಂಗಳದ ಲಿಂಡನ್ ಮರದ ಕೆಳಗೆ ಬೆಳಗಿನಿಂದ ಹಂದಿಮಾಂಸ, ಎಲೆಕೋಸು, ಆಲೂಗಡ್ಡೆ ಒಟ್ಟಿಗೆ ಕುದಿಯುತ್ತಿರುತ್ತವೆ. ಕೊನೆಯ ಸವಾರ ಅಂಗಳಕ್ಕೆ ಬರುವವರೆಗೆ ಮುಚ್ಚಳ ಏಳುವಂತಿಲ್ಲ, ಅದನ್ನು ಎತ್ತುವುದೂ ಆ ಕೊನೆಯ ಕೈಯೇ. ಈ ಕಟ್ಟಳೆಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಬೇಗ ಬಂದವರಿಗೆ ಹೆಚ್ಚು ಹೊತ್ತು ಹಸಿದುಕೊಂಡು ಕೂರುವ ಭಾಗ್ಯ ಸಿಗುತ್ತದೆ, ಅಷ್ಟೆ.

ಜೋಜೋ ಈ ಕೆಲಸ ಕಲಿತದ್ದು ಸೈಕಲ್ಲಿನ ಮೇಲಲ್ಲ, ಶಾಲೆಯ ಬಸ್ಸಿನಲ್ಲಿ. ಸುತ್ತಲಿನ ಒಂಟಿಮನೆಗಳ ಮಕ್ಕಳನ್ನು ಮಾರ್ವಿನ್ಯಿಗೆ ತರುತ್ತಿದ್ದ ಆ ಬಸ್ಸನ್ನು ಆಕೆ ನಿವೃತ್ತಿಯಾಗುವವರೆಗೂ ಓಡಿಸಿದಳು. ಒಂದು ದಿನವೂ ಒಂದು ಮಗುವನ್ನೂ ಬಿಟ್ಟು ಹೊರಟವಳಲ್ಲ. ಒಮ್ಮೆ ಒಬ್ಬ ಹುಡುಗ ತನ್ನ ಕೋಳಿ ಮೊಟ್ಟೆಯಿಡದೆ ಶಾಲೆಗೆ ಬರುವುದಿಲ್ಲವೆಂದು ಗೂಡಿನ ಮುಂದೆ ಕುಳಿತನಂತೆ. ಜೋಜೋ ಇಂಜಿನ್ ನಿಲ್ಲಿಸಿ ಅವನ ಪಕ್ಕದಲ್ಲಿ ತಾನೂ ಕುಳಿತಳು. ಅರ್ಧ ಶಾಲೆ ತಡವಾಗಿ ಬಂದದ್ದಕ್ಕೆ ಮುಖ್ಯೋಪಾಧ್ಯಾಯರು ಸಿಡಿಮಿಡಿಗೊಂಡಾಗ, ಬೈಯುವುದಿದ್ದರೆ ಕೋಳಿಗೆ ಬೈದು ಬನ್ನಿ ಎಂದು ವಿಳಾಸ ಹೇಳಿದಳಂತೆ. ಆ ಹುಡುಗನೇ ಈಗ ಕಬ್ಬಿಣದ ಸಾಮಾನಿನ ಅಂಗಡಿಯ ಫಿರ್ಮಿನ್. ನಮ್ಮ ಸವಾರಿಯ ಅಧ್ಯಕ್ಷ, ಹಂಡೆಯ ಯಜಮಾನ.

ಕೊನೆಯವಳಾಗಿ ಬರುವುದರಲ್ಲಿ ಎರಡು ಕೆಲಸಗಳಿವೆ. ಒಂದು, ದಾರಿ ತೋರಿಸಲು ಮರಗಳಿಗೆ ಕಟ್ಟಿದ ಕೆಂಪು ಬಿಳಿ ಪಟ್ಟಿಗಳನ್ನೆಲ್ಲ ಬಿಚ್ಚಿಕೊಂಡು ಬರುವುದು. ಸಂಜೆಗೆ ಕಾಡಿನಲ್ಲಿ ಒಂದು ತುಂಡೂ ಉಳಿಯಬಾರದೆಂಬುದು ಜಮೀನಿನವರ ಷರತ್ತು. ಎರಡನೆಯದು ಹೊಟ್ಟೆಯ ಕೆಲಸ. ದಾರಿಯ ಮೂರು ಕಡೆ ಊರವರು ಮೇಜು ಹಾಕಿ ಸವಾರರಿಗೆ ತಿನ್ನಲು ಕೊಡುತ್ತಾರೆ. ತಂದ ತಟ್ಟೆ ತುಂಬಿದಂತೆಯೇ ಮನೆಗೆ ಮರಳಿದರೆ ಅದು ಅವಮಾನ, ಒಬ್ಬ ಸವಾರ ತಿನ್ನದೆ ದಾಟಿದರೆ ಇನ್ನೂ ದೊಡ್ಡ ಅವಮಾನ. ಹಾಗಾಗಿ ಉಳಿದದ್ದೆಲ್ಲ ಕೊನೆಯವಳ ಮೇಲೆ ಬೀಳುತ್ತದೆ. ಜೋಜೋ ಇದನ್ನು ಕಲೆಯಾಗಿಸಿಕೊಂಡಿದ್ದಾಳೆ. ಒಂದು ತುಣುಕು ಬಾಯಿಗಿಟ್ಟು, ಕಣ್ಣು ಮುಚ್ಚಿ, ಹೊಗಳಿ, ಮಿಕ್ಕದ್ದನ್ನು ಸೈಕಲ್ಲಿನ ಹಿಂದೆ ಕಟ್ಟಿದ ಡಬ್ಬಿಗಳಿಗೆ ಸುರಿದುಕೊಳ್ಳುತ್ತಾಳೆ. ಸವಾರಿಯ ನಂತರದ ವಾರ ಆಕೆಯ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.

ಹೋದ ವರ್ಷ ಮಠದ ಮೆಟ್ಟಿಲ ಹತ್ತಿರ ಆಕೆ ಬಿದ್ದಳು. ಮಣಿಕಟ್ಟು ಉಳುಕಿತ್ತು. ಹಿಂದೆ ಯಾರೂ ಇಲ್ಲದ್ದರಿಂದ ಯಾರಿಗೂ ತಿಳಿಯಲಿಲ್ಲ. ಬಿಚ್ಚಿದ ಪಟ್ಟಿಗಳಿಂದಲೇ ಕೈ ಸುತ್ತಿಕೊಂಡು ಒಂದೇ ಕೈಯಲ್ಲಿ ಬ್ರೇಕು ಹಿಡಿದು ಬಂದು, ಎಡಗೈಯಿಂದ ಮುಚ್ಚಳ ಎತ್ತಿದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಫಿರ್ಮಿನ್ ಒಬ್ಬ ತಟ್ಟಲಿಲ್ಲ. ಕೆಂಪು ಬಿಳಿ ಸುತ್ತಿದ ಆ ಕೈಯನ್ನೇ ನೋಡುತ್ತಿದ್ದ.

ಈ ಸಲ ಚಳಿಗಾಲ ಮುಗಿಯುವಾಗ ಸಮಿತಿ ಸೇರಿತು. ಜೋಜೋ ಶೀತವೆಂದು ಬಂದಿರಲಿಲ್ಲ. ಫಿರ್ಮಿನ್ ಎದ್ದು ನಿಂತು, ಎಲ್ಲರ ಹಿಂದೆ ಜೋಜೋ ಇದ್ದಾಳೆ, ಜೋಜೋ ಹಿಂದೆ ಯಾರಿದ್ದಾರೆ ಎಂದು ಕೇಳಿದ. ಎಪ್ಪತ್ತು ದಾಟಿದವಳು, ಕಾಡಿನಲ್ಲಿ ಫೋನು ಸಿಗುವುದಿಲ್ಲ, ಕಾಲು ಮುರಿದಿದ್ದರೆ ಏನು ಗತಿ ಎಂದ. ಆಕೆಯ ಬದಲು ಬೇರೆಯವರನ್ನು ಹಾಕೋಣವೆಂದು ಯಾರೋ ಮೆಲ್ಲಗೆ ಹೇಳಿದರು. ಅದನ್ನು ಆಕೆಗೆ ಹೇಳುವವರು ಯಾರು ಎಂದಾಗ ಎಲ್ಲರೂ ಮೇಜು ನೋಡಿದರು. ತನ್ನ ಹಿಂದೆ ಒಬ್ಬ ಬಂದ ದಿನ, ಕೊನೆಯವಳ ಗುರುತಿಗೆ ತೊಡುವ ಕಿತ್ತಳೆ ಬಣ್ಣದ ಕೋಟನ್ನು ಕಳಚಿಡುತ್ತೇನೆಂದು ಆಕೆ ಊರಿಗೆಲ್ಲ ಸಾರಿದ್ದಳು. ಹಿಂದೆ ಒಬ್ಬ ಇದ್ದರೆ ತಾನು ಕೊನೆಯವಳಲ್ಲ, ಬರೀ ತಡವಾದ ಮುದುಕಿ ಎನ್ನುತ್ತಿದ್ದಳು.

ಕೊನೆಗೆ, ಆಕೆಗೆ ತಿಳಿಯದಂತೆ ಅರ್ಧ ಕಿಲೋಮೀಟರ್ ಹಿಂದೆ ಒಬ್ಬನನ್ನು ಬಿಡುವುದೆಂದು ನಿಶ್ಚಯವಾಯಿತು. ಒಪ್ಪಿದವನು ಕೊರೆಂತಿನ್. ಹೋದ ಶರತ್ಕಾಲದಲ್ಲಿ ಹೆಂಡತಿಯೊಂದಿಗೆ ಲಿಯೋನ್ ನಗರದಿಂದ ಬಂದು, ಮುಚ್ಚಿಹೋಗಿದ್ದ ನಮ್ಮ ಬ್ರೆಡ್ಡಿನ ಅಂಗಡಿಯ ಬಾಗಿಲು ತೆರೆದವನು. ಒಳ್ಳೆಯ ಸವಾರ, ಗಟ್ಟಿ ಕಾಲಿನವನು. ಊರಿಗೆ ಹೊಸಬ, ಅದಕ್ಕೇ ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದ. ಈ ಹೂಂ ಎನ್ನುವ ಗುಣವೇ ಮುಂದಿನದಕ್ಕೆಲ್ಲ ಮೂಲವಾಯಿತು.

ನನ್ನ ಪಾಲಿಗೆ ಮೂರನೆಯ ಮೇಜು ಬಂದಿತ್ತು, ಊರಿಗೆ ಮೊದಲಿನ ನೀರುಬಾಗಿಲಿನ ಪಕ್ಕ. ದೋಣಿಗಳನ್ನು ಏರಿಸಿ ಇಳಿಸಲು ಕಾಲುವೆಗೆ ಅಡ್ಡಲಾಗಿ ಇರಿಸಿದ ಆ ಜೋಡಿ ಬಾಗಿಲುಗಳನ್ನು ತೆರೆದು ಮುಚ್ಚುವುದೇ ಬೇಸಿಗೆಯ ತಿಂಗಳುಗಳಲ್ಲಿ ನನ್ನ ಕೆಲಸ. ಮಧ್ಯಾಹ್ನದ ಊಟಕ್ಕೆ ಕಾಲುವೆಯೇ ನಿಲ್ಲುತ್ತದೆ. ದೋಣಿಯವರು ಹಗ್ಗ ಕಟ್ಟಿ ಬುಟ್ಟಿ ಬಿಚ್ಚಿದ್ದರು. ಪಾಪ್ಲರ್ ಮರಗಳ ಹತ್ತಿಯಂಥ ಬೀಜ ನೀರಿನ ಮೇಲೆ ಕೂತು ಎತ್ತ ಹೋಗಬೇಕೆಂದು ತಿಳಿಯದೆ ಸುಮ್ಮನಿತ್ತು.

ಸವಾರರೆಲ್ಲ ದಾಟಿ ಬಹಳ ಹೊತ್ತಾದ ಮೇಲೆ ಜೋಜೋ ಬಂದಳು. ಮುಂದಿನ ಬುಟ್ಟಿಯಲ್ಲಿ ಕೆಂಪು ಬಿಳಿ ಪಟ್ಟಿಗಳ ಗುಡ್ಡೆ, ಹಿಂದೆ ಡಬ್ಬಿಗಳು, ಕೆನ್ನೆಯ ಮೇಲೆ ಒಣಗಿದ ಕೆಸರು. ಸೈಕಲ್ಲನ್ನು ನೀರುಬಾಗಿಲನ್ನು ತಳ್ಳಿ ತೆರೆಯುವ ಮರದ ತೋಳಿಗೆ ಒರಗಿಸಿ, ಕಾಫಿ ಕುಡಿದು, ಇನ್ನೊಂದು ಕೇಳಿದಳು. ಮಠದ ಹತ್ತಿರದ ಮೆಟ್ಟಿಲನ್ನು ಈ ಸಲ ಸೈಕಲ್ಲಿನಿಂದ ಇಳಿದು ದಾಟಿದೆ, ಅದನ್ನು ಫಿರ್ಮಿನ್‌ಗೆ ಹೇಳಬೇಡ ಎಂದಳು. ಆಮೇಲೆ ಎಂದಿನಂತೆ ಉಳಿದದ್ದನ್ನು ತುಂಬಿಕೊಳ್ಳಲು ಮೇಜಿನತ್ತ ತಿರುಗಿದಳು.

ಒಂದು ತಟ್ಟೆಯ ಮೇಲೆ ನಾನು ಬಟ್ಟೆ ಮುಚ್ಚಿದ್ದೆ. ಆಕೆ ಬಟ್ಟೆ ಎತ್ತಿದಳು. ಕೆಳಗೆ ಪ್ಲಮ್ ಹಣ್ಣಿನ ಜಾಮು ಹರಡಿ ಸುಟ್ಟ ಟಾರ್ಟಿನ ಒಂದು ದೊಡ್ಡ ತುಂಡು, ಪಕ್ಕದಲ್ಲಿ ತೊಳೆದಿಟ್ಟ ಲೋಟ.

"ಇದು ಯಾರಿಗೆ?"

"ಒಂದು ತುಂಡು ಹೆಚ್ಚಾಯ್ತು, ಜೋಜೋ."

"ಹೆಚ್ಚಾಗಿದ್ದು ನಂದು. ನಂದಕ್ಕೆ ಬಟ್ಟೆ ಯಾಕೆ ಮುಚ್ಚಿದೆ?"

ನಾನು ಕಾಲುವೆಯ ಕಡೆ ನೋಡಿದೆ. ಆಕೆಯೂ ನಾನು ನೋಡಿದ ಕಡೆಗೇ ನೋಡಿದಳು. ಬಾತುಕೋಳಿಯೊಂದು ಹೋಗುತ್ತಿತ್ತು, ಅದರಿಂದ ನನಗೇನೂ ಸಹಾಯವಾಗಲಿಲ್ಲ.

"ನನ್ನ ಹಿಂದೆ ಯಾರನ್ನ ಬಿಟ್ಟಿದ್ದಾನೆ ಆ ಕೋಳಿ ಹುಡುಗ?"

ಕೊರೆಂತಿನ್ ಎಂದು ಹೇಳಲೇಬೇಕಾಯಿತು. ಹೋದ ವರ್ಷದ ಮಣಿಕಟ್ಟಿನ ವಿಷಯವನ್ನೂ, ಸಮಿತಿಯಲ್ಲಿ ಎಲ್ಲರೂ ಮೇಜು ನೋಡಿದ್ದನ್ನೂ ಹೇಳಿದೆ. ಆಕೆ ಕೂಗಾಡಲಿಲ್ಲ. ಕಿತ್ತಳೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಮಡಿಸಿ, ನನ್ನ ಮೇಜಿನ ಮೇಲೆ ಬ್ರೆಡ್ಡಿನ ಪಕ್ಕದಲ್ಲಿ ಇಟ್ಟಳು. ಅದರೊಳಗೆ ಆಕೆ ಹಾಕಿಕೊಂಡಿದ್ದ ಬೂದು ಸ್ವೆಟರ್ ಬಹಳ ಹಳೆಯದೆಂದು ನಾನು ಮೊದಲ ಸಲ ಗಮನಿಸಿದೆ.

"ಬೀಳ್ತೀನಿ ಅಂತ ಭಯ ಇದ್ದರೆ ಮುಖಕ್ಕೆ ಹೇಳಬೇಕಿತ್ತು," ಎಂದಳು. "ನಾನು ಬಸ್ಸಲ್ಲಿ ಯಾವ ಮಗುವನ್ನೂ ಕದ್ದುಮುಚ್ಚಿ ನೋಡ್ಕೊಂಡಿಲ್ಲ. ಮುಚ್ಚಳ ಅವನೇ ಎತ್ತಲಿ. ಅವನಲ್ವಾ ಈಗ ಕೊನೆಯವನು."

ಸೈಕಲ್ಲನ್ನು ಊರಿನ ಕಡೆಗೆ ತಿರುಗಿಸಿದಳು. ಒಂದು ಕಾಲು ಪೆಡಲಿನ ಮೇಲೆ, ಒಂದು ಕಾಲು ನೆಲದ ಮೇಲೆ. ಆ ಎರಡನೆಯ ಕಾಲು ಮೇಲೇಳಲಿಲ್ಲ. ಹಿಂದಿನ ದಾರಿಯನ್ನೊಮ್ಮೆ ನೋಡಿದಳು. ದಂಡೆ ನೇರವಾಗಿ, ಬಿಳಿಯಾಗಿ, ಖಾಲಿಯಾಗಿ ಬಿದ್ದಿತ್ತು.

"ಎಷ್ಟು ಹಿಂದೆ ಇರು ಅಂದಿದ್ರು ಅವನಿಗೆ?"

"ಅರ್ಧ ಕಿಲೋಮೀಟರು."

"ನಾನು ಎರಡು ಲೋಟ ಕಾಫಿ ಕುಡಿದೆ."

ಕೊರೆಂತಿನ್‌ಗೆ ಫೋನು ಮಾಡಿದೆ, ಸಿಗಲಿಲ್ಲ. ಅಷ್ಟರಲ್ಲಿ ಫಿರ್ಮಿನ್‌ನಿಂದ ನನಗೆ ಫೋನು ಬಂತು. ಜನ ಚಮಚ ನೆಕ್ಕುತ್ತಾ ಕೂತಿದ್ದಾರೆ, ಜೋಜೋ ಎಲ್ಲಿ ಎಂದು ಕೇಳಿದ. ಇಲ್ಲೇ ಇದ್ದಾಳೆ, ಆದರೆ ಈಗ ಕೊನೆಯವಳು ಆಕೆಯಲ್ಲ ಎಂದೆ. ಆ ಕಡೆಯಿಂದ ಏನೋ ಉಕ್ಕಿ ಬೆಂಕಿಯ ಮೇಲೆ ಚೆಲ್ಲಿದ ಸದ್ದು ಕೇಳಿಸಿತು.

ಜೋಜೋ ನಮ್ಮ ಮಾತು ಕೇಳುತ್ತಿರಲಿಲ್ಲ. ತನ್ನ ಬುಟ್ಟಿಯನ್ನು ನೋಡುತ್ತಿದ್ದಳು. ಪಟ್ಟಿಗಳ ಗುಡ್ಡೆಗೆ ಕೈ ಹಾಕಿ ಒಂದನ್ನು ಹೊರಗೆಳೆದಳು. ಅದರ ಹಿಂದೆ ಇನ್ನೊಂದು ಸಿಕ್ಕಿಕೊಂಡು ಬಂತು, ಅದರ ಹಿಂದೆ ಮತ್ತೊಂದು. ಆಕೆಯ ಭುಜ ಮೆಲ್ಲಗೆ ಕುಲುಕತೊಡಗಿತು. ಅಳುತ್ತಿದ್ದಾಳೇನೋ ಎಂದು ನಾನು ಹತ್ತಿರ ಹೋದೆ. ನಗುತ್ತಿದ್ದಳು.

"ಆ ಹುಡುಗನಿಗೆ ದಾರಿ ತೋರಿಸೋದೆಲ್ಲ ಇಲ್ಲಿದೆ, ಮರಿ. ನಾನೇ ಬಿಚ್ಚಿಕೊಂಡು ಬಂದಿದ್ದೀನಿ."

ನಾನು ಕುರ್ಚಿಯ ಮೇಲೆ ಕುಳಿತೆ. ಇಡೀ ಸಮಿತಿ, ಮೇಯರ್, ಮೇಷ್ಟರು ಎಲ್ಲ ಸೇರಿ ಎರಡು ಸಂಜೆ ಚರ್ಚಿಸಿದ್ದರು. ಅರ್ಧ ಕಿಲೋಮೀಟರು ಸಾಕೇ, ಮುಕ್ಕಾಲು ಬೇಕೇ ಎಂದು ವಾದವಾಗಿತ್ತು. ದಾರಿಯ ಗುರುತುಗಳನ್ನು ಬಿಚ್ಚುವವಳ ಹಿಂದೆ ದಾರಿ ತಿಳಿಯದ ಹೊಸಬನನ್ನು ಬಿಡುತ್ತಿದ್ದೇವೆಂದು ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ.

ಜೋಜೋ ಕೋಟು ಎತ್ತಿಕೊಂಡಳು. ಮಡಿಸಿಟ್ಟ ಅದರ ಬಿಸಿ ಇನ್ನೂ ಆರಿರಲಿಲ್ಲ. ಫಿರ್ಮಿನ್ ಕಾರು ತರುತ್ತಾನೆ, ನೀನು ಕೂತಿರು ಎಂದೆ. ಕಾರು ಹೋಗುವ ದಾರಿಯಲ್ಲಿ ಅವನಿರುವುದಿಲ್ಲ ಎಂದಳು. ಗುಂಡಿ ಹಾಕಿಕೊಳ್ಳುತ್ತಾ, ತನ್ನಷ್ಟಕ್ಕೆ ಎಂಬಂತೆ, "ಒಬ್ಬ ಬಾಕಿ ಇದ್ದಾನೆ" ಎಂದು, ಬಂದ ದಾರಿಯಲ್ಲೇ ಹೊರಟುಹೋದಳು.

ಅಷ್ಟು ಹೊತ್ತು ಹಿಂದೆ ನಡೆದ ಕಥೆಯನ್ನು ಕೊರೆಂತಿನ್ ಆಮೇಲೆ ಅಂಗಡಿಯಲ್ಲಿ ಬ್ರೆಡ್ಡು ಕಟ್ಟಿಕೊಡುತ್ತಾ ಊರಿಗೆಲ್ಲ ಹೇಳಿದ. ಕಲ್ಲಿನ ಕೊಳದ ಹತ್ತಿರದ ಮೊದಲ ಮೇಜಿನಲ್ಲಿ ಇದ್ದವರು ಹಂದಿ ಸಾಕುವ ಅಣ್ಣತಮ್ಮಂದಿರು. ಜೋಜೋ ಹೋದ ಮೇಲೆ ಅವರು ಮೇಜು ಮಡಚುತ್ತಿದ್ದರು. ಅಷ್ಟರಲ್ಲಿ ಇವನು ಕಂಡ. ಕೊನೆಯವಳು ದಾಟಿದ ಮೇಲೂ ಒಬ್ಬ ಸವಾರ. ಇವನಿಗೆ ಕೊಡಲು ಏನೂ ಉಳಿದಿಲ್ಲ. ಅವರ ಮುಖ ಕಪ್ಪಿಟ್ಟಿತು. ಒಬ್ಬ ಓಡಿಹೋಗಿ, ತಮ್ಮ ಊಟಕ್ಕೆಂದು ವ್ಯಾನಿನಲ್ಲಿಟ್ಟಿದ್ದ ಸಾಸೇಜು, ಕೆಂಪು ವೈನು ಎರಡನ್ನೂ ತಂದು ಹರಡಿದ. ಕೊರೆಂತಿನ್ ಬೇಡ ಎನ್ನುವಂತಿಲ್ಲ. ಅವರಿಬ್ಬರೂ ದಿನಾ ಬೆಳಿಗ್ಗೆ ನಾಲ್ಕು ಬ್ರೆಡ್ಡು ಕೊಳ್ಳುವವರು. ತಾನು ಸವಾರನಲ್ಲ, ಗುಟ್ಟಿನ ಕಾವಲುಗಾರ ಎಂದೂ ಹೇಳುವಂತಿಲ್ಲ. ತಿಂದ.

ಮಠದಲ್ಲಿ ಇನ್ನೂ ಕಷ್ಟವಾಯಿತು. ಅಲ್ಲಿ ವೊಷೆಲೆ ಅಕ್ಕತಂಗಿಯರ ಮೇಜು. ಒಬ್ಬ ಹುಡುಗ ತಮ್ಮ ಮೇಜಿನಿಂದ ಹಸಿದು ಹೋದನೆಂದು ಊರು ಆಡಿಕೊಳ್ಳುವುದನ್ನು ನೆನೆದೇ ಅಕ್ಕನಿಗೆ ಕಣ್ಣಲ್ಲಿ ನೀರು ಬಂತಂತೆ. ಮುರಿದ ಕಂಬಗಳ ನಡುವೆ ಅವನನ್ನು ಕೂರಿಸಿ ಬಾತುಕೋಳಿ ಮಾಂಸ, ಮೇಕೆ ಹಾಲಿನ ಚೀಸ್, ಚೀಸ್ ಬೆರೆಸಿ ಸುಟ್ಟ ಗುಂಡು ಬನ್ನುಗಳು ಎಲ್ಲವನ್ನೂ ಇಟ್ಟರು. ಅಕ್ಕನ ಬನ್ನು ತಿಂದರೆ ತಂಗಿ ಮುನಿಸಿಕೊಳ್ಳುತ್ತಿದ್ದಳು, ತಂಗಿಯದು ತಿಂದರೆ ಅಕ್ಕ. ಇಬ್ಬರೂ ಗಿರಾಕಿಗಳೇ. ಎದ್ದು ಸೈಕಲ್ ಹತ್ತುವ ಹೊತ್ತಿಗೆ ಜೋಜೋ ಎಲ್ಲೂ ಕಾಣಲಿಲ್ಲ. ಕಾಡಿನಲ್ಲಿ ಮೂರು ದಾರಿ ಕೂಡುವ ಕಡೆ ನಿಂತು ನೋಡಿದ. ಒಂದು ಮರದ ಮೇಲೂ ಒಂದು ಪಟ್ಟಿ ಇರಲಿಲ್ಲ. ಆಕೆಯ ಕೆಲಸ ಅಷ್ಟು ಚೊಕ್ಕ.

ಜೋಜೋ ಅದೇ ಕೂಡುದಾರಿಗೆ ಮರಳಿ ಬಂದು ಬಹಳ ಹೊತ್ತು ಯೋಚಿಸಲಿಲ್ಲವಂತೆ. ವೊಷೆಲೆ ಅಕ್ಕತಂಗಿಯರ ಮೇಜಿನಿಂದ ಎದ್ದವನು ಏರು ಹತ್ತುವುದಿಲ್ಲ. ಸವಾರಿಯ ದಾರಿ ಬಿಟ್ಟು, ಸಲೀಸಾಗಿ ಇಳಿಯುವ ಇನ್ನೊಂದು ದಾರಿ ಹಿಡಿದಳು. ಅದು ಹೋಗುವುದು ಹಳೆಯ ಗಿರಣಿಯ ಹತ್ತಿರದ ಮೂರು ಮನೆಗಳಿಗೆ. ಮೊದಲ ಮನೆಯ ಗೋಡೆಗೆ ಸೈಕಲ್ ಒರಗಿತ್ತು. ತೋಟದಲ್ಲಿ, ಸೇಬಿನ ಮರದ ಕೆಳಗೆ, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಸಂಸಾರ ಉದ್ದ ಮೇಜಿಗೆ ಕುಳಿತಿತ್ತು. ನಡುವೆ, ಕೊರಳಿಗೆ ಬಿಳಿ ಬಟ್ಟೆ ಸಿಕ್ಕಿಸಿಕೊಂಡು, ಕಣ್ಣಲ್ಲಿ ಜೀವವಿಲ್ಲದೆ, ಕೊರೆಂತಿನ್. ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿ ದಾರಿ ಕೇಳಿದ್ದ, ಪಾಪ. ಆ ಹೊತ್ತಿನಲ್ಲಿ ಬಂದವನಿಗೆ ನಮ್ಮ ಕಡೆ ದಾರಿ ಹೇಳುವುದಿಲ್ಲ, ತಟ್ಟೆ ಇಡುತ್ತಾರೆ. ಕುರಿಯ ಮಾಂಸ ಮುಗಿದು ಚೀಸ್ ಬಂದಿತ್ತು.

ಅವನು ಜೋಜೋಳನ್ನು ನೋಡಿ ಎದ್ದುನಿಂತ. ಸುಳ್ಳು ಹೇಳಲು ಅವನಲ್ಲಿ ಜಾಗವೇ ಉಳಿದಿರಲಿಲ್ಲ.

"ಮದಾಂ, ನಾನು ನಿಮ್ಮನ್ನ ನೋಡ್ಕೊಳ್ಳೋಕೆ ಬಂದಿದ್ದೆ."

"ಕಾಣ್ತಿದೆ," ಎಂದಳು ಜೋಜೋ. ಆಕೆಗೂ ಒಂದು ಕುರ್ಚಿ ಬಂತು. ಕಾಫಿ ಕುಡಿಯದೆ ಏಳುವಂತಿರಲಿಲ್ಲ. ಹೊರಡುವಾಗ ಉಳಿದ ಚೀಸ್ ಡಬ್ಬಿ ಸೇರಿತು.

ನಾನು ಟಾರ್ಟಿನ ತಟ್ಟೆಗೆ ಮತ್ತೆ ಬಟ್ಟೆ ಮುಚ್ಚಿ ಕುರ್ಚಿಯ ಮೇಲಿಟ್ಟು, ಮೇಜು ಮಡಚಿ ಕಾಯುತ್ತಿದ್ದೆ. ದಂಡೆಯ ದೂರದ ತುದಿಯಲ್ಲಿ ಮೊದಲು ಕೊರೆಂತಿನ್ ಕಂಡ, ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದ. ಅವನ ಹಿಂದೆ ಅವನದೇ ನಡಿಗೆಯ ವೇಗದಲ್ಲಿ, ಬೀಳದೆ, ಕಾಲೂರದೆ, ಕಿತ್ತಳೆ ಚುಕ್ಕೆಯೊಂದು ಉರುಳುತ್ತಿತ್ತು. ಅಷ್ಟು ನಿಧಾನವಾಗಿ ಸೈಕಲ್ ಬಿಡಲು ಊರಿನಲ್ಲಿ ಬೇರೆ ಯಾರಿಗೂ ಬಾರದು. ನೀರಿನಲ್ಲಿ ಇಬ್ಬರೂ ತಲೆಕೆಳಗಾಗಿ ಜೊತೆಗೇ ಬರುತ್ತಿದ್ದರು. ಹತ್ತಿರ ಬಂದ ಮೇಲೆ ಕೊರೆಂತಿನ್‌ನ ಕಣ್ಣು ಬಟ್ಟೆ ಮುಚ್ಚಿದ ತಟ್ಟೆಯ ಮೇಲೆ ಬಿತ್ತು. ಅದರ ಕೆಳಗೇನಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

"ಅದು ನನಗಾ?" ಎಂದು ಬಹಳ ಮೆತ್ತಗೆ ಕೇಳಿದ.

ಜೋಜೋ ಟಾರ್ಟನ್ನು ಡಬ್ಬಿಗೆ ಹಾಕಿಕೊಂಡಳು. ಅವನು ಆಕೆಯನ್ನು ನೋಡಿದ ನೋಟದಲ್ಲಿದ್ದಷ್ಟು ಭಕ್ತಿಯನ್ನು ಆ ಮಠವೂ ತನ್ನ ಒಳ್ಳೆಯ ಕಾಲದಲ್ಲಿ ಕಂಡಿತ್ತೋ ಇಲ್ಲವೋ.

ಊರಿಗೆ ಮೂವರೂ ಒಟ್ಟಿಗೆ ಹೋದೆವು, ಮುಂದೆ ನಾನು, ನಡುವೆ ಅವನು, ಹಿಂದೆ ಆಕೆ. ಅಂಗಳದಲ್ಲಿ ಸದ್ದಿರಲಿಲ್ಲ. ಮಕ್ಕಳು ಲಿಂಡನ್ ಮರದ ಬೇರುಗಳ ಮೇಲೆ ಒರಗಿದ್ದರು. ದೊಡ್ಡವರು ಹಂಡೆಯನ್ನು ನೋಡುತ್ತಿರಲಿಲ್ಲ, ನೋಡಿದರೆ ತಡೆಯಲಾಗುತ್ತಿರಲಿಲ್ಲ. ಫಿರ್ಮಿನ್ ಸೌಟು ಹಿಡಿದು ಮುಚ್ಚಳದ ಪಕ್ಕ ನಿಂತಿದ್ದ, ಕೋಳಿಗೂಡಿನ ಮುಂದೆ ಹೇಗೆ ಕುಳಿತಿದ್ದನೆಂದು ನಾನು ಊಹಿಸಿಕೊಂಡಿದ್ದೆನೋ ಹಾಗೆಯೇ.

ನಾನು ಒಳಗೆ ಹೋದೆ. ಕೊರೆಂತಿನ್ ಗೇಟಿನ ಹತ್ತಿರ ನಿಂತ. ಒಳ್ಳೆಯ ಮನೆಯಲ್ಲಿ ಬೆಳೆದ ಹುಡುಗ. ಪಕ್ಕಕ್ಕೆ ಸರಿದು, ಗೇಟನ್ನು ಹಿಡಿದು, ತಲೆ ಬಾಗಿಸಿ ಹೇಳಿದ:

"ನೀವು ಮೊದಲು, ಮದಾಂ."

ಹಸಿದ ಅಷ್ಟೂ ಜನ ತಲೆ ಎತ್ತಿದರು. ಫಿರ್ಮಿನ್‌ನ ಸೌಟು ಗಾಳಿಯಲ್ಲೇ ನಿಂತಿತು. ಆಕೆ ಒಂದು ಹೆಜ್ಜೆ ಮುಂದಿಟ್ಟರೆ ಮುಗಿಯಿತು, ಇನ್ನು ಮುಂದೆ ಬರೀ ತಡವಾದ ಮುದುಕಿ. ಜೋಜೋ ಸೈಕಲ್ಲಿನಿಂದ ಇಳಿದು, ಅವನ ಬೆನ್ನಿನ ಮೇಲೆ ಕೈಯಿಟ್ಟಳು.

"ಒಳಗೆ ನಡಿ, ಮರಿ. ಬಸ್ಸು ಬಿಡಬೇಕು."

ಅವನು ಒಳಗೆ ನಡೆದ. ಆಕೆ ಅವನ ಹಿಂದೆ ಬಂದು ಗೇಟು ಮುಚ್ಚಿ, ಚಿಲಕ ಹಾಕಿ, ನೇರ ಹಂಡೆಯ ಹತ್ತಿರ ಹೋಗಿ ಮುಚ್ಚಳ ಎತ್ತಿದಳು. ಎರಡೂ ಕೈಯಿಂದ. ಹಬೆ ಲಿಂಡನ್ ಎಲೆಗಳವರೆಗೂ ಏರಿತು.

ಫಿರ್ಮಿನ್ ಏನೋ ಹೇಳಲು ಬಾಯಿ ತೆರೆದ. ಹೋದ ವರ್ಷದ ಮಣಿಕಟ್ಟು ಎಂಬಷ್ಟು ಮಾತ್ರ ಬಂತು. ಆಕೆ ಬುಟ್ಟಿಯಿಂದ ಪಟ್ಟಿಗಳ ಗುಡ್ಡೆಯನ್ನು ತೆಗೆದು ಅವನ ತೋಳಿನ ಮೇಲೆ ಹೇರಿದಳು.

"ಮುಂದಿನ ವರ್ಷ ನನ್ನ ಹಿಂದೆ ಒಬ್ಬನ್ನ ಕಳಿಸೋದಿದ್ರೆ ನನಗೇ ಹೇಳು. ಅವನಿಗೆ ಅಂತ ಒಂದಷ್ಟು ಪಟ್ಟಿ ಬಿಟ್ಟು ಬರ್ತೀನಿ."

"ಆಮೇಲೆ ಅದನ್ನ ಬಿಚ್ಚೋದು ಯಾರು?"

"ಅವನೇ. ಕಲೀಬೇಕಲ್ಲ ಯಾರಾದ್ರೂ." ಮತ್ತೆ ಸೇರಿಸಿದಳು, "ಗೇಟಿನ ಹತ್ರ ಮಾತ್ರ ನನಗೆ ದಾರಿ ಬಿಡಬಾರದು. ಅದನ್ನೂ ಹೇಳಿಕೊಡು."

ಫಿರ್ಮಿನ್‌ನ ಮುಖ ಸಡಿಲವಾಯಿತು. ಇಷ್ಟು ಹೊತ್ತು ಎಲ್ಲರನ್ನೂ ಕಾಯಿಸಿದ ಪಾಪಕ್ಕೋ, ಮನಸ್ಸು ಹಗುರಾದ ಸಂತೋಷಕ್ಕೋ, ಅತಿ ದೊಡ್ಡ ತಟ್ಟೆಯೊಂದನ್ನು ತೆಗೆದುಕೊಂಡು ಮಾಂಸ, ಎಲೆಕೋಸು, ಆಲೂಗಡ್ಡೆ ಗುಡ್ಡೆಯಾಗುವಂತೆ ಬಡಿಸಿದ. ಕಾಡಿನಲ್ಲಿ ದಾರಿ ತಪ್ಪಿ ಹಸಿದು ಬಂದ ಹುಡುಗನಿಗೆ ಮೊದಲ ತಟ್ಟೆ ಎಂದು ಎಲ್ಲರಿಗೂ ಕೇಳುವಂತೆ ಸಾರಿ, ಅದನ್ನು ಕೊರೆಂತಿನ್‌ನ ಕೈಗಿತ್ತ.

ಕೊರೆಂತಿನ್ ತಟ್ಟೆಯನ್ನು ನೋಡಿದ. ಸುತ್ತ ನಿಂತ ಮುಖಗಳನ್ನು ನೋಡಿದ, ಎಲ್ಲರೂ ಬೆಳಿಗ್ಗೆ ಬ್ರೆಡ್ಡಿಗೆ ಬರುವವರೇ. ಕೊನೆಗೆ ಜೋಜೋಳನ್ನು ನೋಡಿದ. ಆಕೆ ಆಗಲೇ ಮೇಜಿನ ಕೆಳಗಿನಿಂದ ಅವನತ್ತ ಒಂದು ಖಾಲಿ ಡಬ್ಬಿಯನ್ನು ಸರಿಸುತ್ತಿದ್ದಳು.